ಯಾವುದರಿಂದ, ಯಾವುದಕ್ಕೆ

ಬ್ರೇಕಿನೊಳಗೆ ಕೂಡುವ, ಹೆಬ್ಬೆರಳಿಗಿಂತ ದೊಡ್ಡದಲ್ಲದ ಒಂದು ರಬ್ಬರ್ ಬಿಲ್ಲೆಯ ಮುಂದೆ ಸಂಜೀವಕುಮಾರ ಸೊನ್ನೆ ಬರೆದ. ಮೂರು ವರ್ಷಗಳಲ್ಲಿ ಯಾರೂ ಅದನ್ನು ಕಾಗದದ ಮೇಲೆ ಕೇಳಿರಲಿಲ್ಲ. ಹದಿನಾಲ್ಕು ತಿಂಗಳ ನಂತರ, ಉತ್ತರದ ಯಾವುದೋ ಗುಡ್ಡದ ಇಳಿಜಾರಿನಲ್ಲಿ, ಸೇನೆಯ ಅಂಬುಲೆನ್ಸೊಂದು ನಿಲ್ಲಲಿಲ್ಲ. ಅದರೊಳಗೆ ಮೂವರಿದ್ದರು.

ಅದಾದ ಮೇಲೊಂದು ಮುಂಜಾನೆ ಫೋನು ಬಡಿದುಕೊಂಡಾಗ ಸಂಜೀವಕುಮಾರನ ಮುಖದ ಅರ್ಧಕ್ಕೆ ಸೋಪಿನ ನೊರೆ ಹತ್ತಿತ್ತು. ಇನ್ನರ್ಧ ಬೋಳಾಗಿ ಕನ್ನಡಿಯಲ್ಲಿ ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು.

"ಪತ್ರ ಸಂಜಿ ಐದರೊಳಗ ಬರಬೇಕು," ಅಂದ ಸುನೀಲಕುಮಾರ. "ಎರಡ ಸಾಲು. ಆ ಉಗ್ರಾಣದಂವ ಏನೂ ಕಳಿಸಿಲ್ಲಂತ ನೀ ಬರಿ. ನಾ ಏನೂ ಕಳಿಸಿಲ್ಲಂತ ಅಂವ ಬರೀಲಿ. ಎರಡೂ ಕೂಡಿದ್ರ ಮುಗೀತು."

"ಅಂವ ಬರೀಲಿಲ್ಲಂದ್ರ?"

"ನಿನ್ನ ಮಾತು ಕೇಳತಾನ. ನಿಮ್ಮ ಕಡಿಯಂವನ ಅಲ್ಲೇನು?"

ಸುನೀಲಕುಮಾರನೂ ಇದೇ ಕಡೆಯವನೇ. ಯಾದಗಿರಿಯ ಬೇಳೆ ವ್ಯಾಪಾರಿಯ ಮಗ. ಕಲಬುರಗಿಯಲ್ಲಿ ಎರಡು ವರ್ಷ ಮುಂದೆ ಓದಿದವನು. ಈಗ ಹೈದರಾಬಾದಿನ ಕಂಪನಿಯಲ್ಲಿ ಸಂಜೀವಕುಮಾರನ ಮೇಲಿನ ಅಧಿಕಾರಿ. ಅವನೇ ಇವನನ್ನು ಕರೆದುಕೊಂಡು ಹೋಗಿ ಕೆಲಸಕ್ಕೆ ಹಚ್ಚಿದ್ದ. ಆದರೂ 'ನಿಮ್ಮ ಕಡೆ' ಅನ್ನುವಾಗ ಅವನ ಯಾದಗಿರಿ ಸಂಜೀವಕುಮಾರನ ಸುರಪುರದಿಂದ ದೂರ ಸರಿದು ನಿಲ್ಲುತ್ತಿತ್ತು. ಅದು ಎಷ್ಟು ದೂರವೆಂದು ಹನ್ನೊಂದು ವರ್ಷಗಳಲ್ಲಿ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಕೊನೆಗೆ, ಗ್ಯಾಸ್ ಬಂದ್ ಮಾಡುವುದನ್ನು ನೆನಪಿಸುವ ದನಿಯಲ್ಲಿ, ಉಗ್ರಾಣದವನು ಕಳಿಸಿದ್ದ ಫೋಟೊಗಳನ್ನು ಫೋನಿನಿಂದ ತೆಗೆದುಹಾಕಲು ಹೇಳಿ ಸುನೀಲಕುಮಾರ ಫೋನಿಟ್ಟ.

ನೊರೆ ಒಣಗಿತ್ತು. ಸಂಜೀವಕುಮಾರ ಅದರ ಮೇಲೆಯೇ ಬ್ಲೇಡು ಎಳೆದ.

"ಯಾರದು?" ಒಳಗಿನಿಂದ ದೇವಿಕಾ ಕೇಳಿದಳು. ಅವನ ಹೆಂಡತಿ ಕಕ್ಕೇರಾದ ಶಾಲೆಯೊಂದರಲ್ಲಿ ಟೀಚರು. ಎಂಟರ ಬಸ್ಸಿಗಾಗಿ ಒಂದು ಕೈಯಲ್ಲಿ ಜಡೆ ಸರಿಮಾಡಿಕೊಳ್ಳುತ್ತ ಇನ್ನೊಂದರಲ್ಲಿ ರೊಟ್ಟಿ ಕಟ್ಟುತ್ತಿದ್ದಳು.

"ಆಫೀಸು."

"ಮುಂಜಾನಿ ಮುಂಜಾನಿ ಹಸದ ಕೂಸಿನಂಗ ಚೀರತದಲ್ಲ ನಿಮ್ಮ ಆಫೀಸು." ಅವಳು ಹೊಸ್ತಿಲಿಗೆ ಬಂದು ಅವನ ಗಲ್ಲ ನೋಡಿದಳು. "ರಕ್ತ ಬಂದದ."

"ಬ್ಲೇಡು ಹಳೇದು."

ಅವಳು ಇನ್ನೇನೋ ಕೇಳುವಳೆಂದು ಅವನು ಕಾದ. ಅವಳು ಕೇಳಲಿಲ್ಲ. ಗಿರಣಿಯಿಂದ ಹಿಟ್ಟು ತರಲು ಹೇಳಿ, ಬಂಡೆಗಳ ನಡುವಿನ ಓಣಿಯಲ್ಲಿ ಚಪ್ಪಲಿ ಸಪ್ಪಳ ಮಾಡುತ್ತ ಇಳಿದು ಹೋದಳು. ಕೇಳಿದ್ದರೆ ಹೇಳುತ್ತಿದ್ದೆ ಎಂದುಕೊಂಡು ಅವನು ಸಮಾಧಾನಪಟ್ಟ. ಕೇಳುವುದಿಲ್ಲವೆಂದು ಗೊತ್ತಿದ್ದುದರಿಂದಲೇ ಹಾಗೆಂದುಕೊಂಡನೆಂಬುದೂ ಅವನಿಗೆ ಗೊತ್ತಿತ್ತು.

ಓಣಿಯ ಜನರ ಲೆಕ್ಕದಲ್ಲಿ ಸಂಜೀವಕುಮಾರ ಮಿಸೈಲು ಮಾಡುವವನು. ಲಾಕ್‌ಡೌನಿನಲ್ಲಿ ಹೈದರಾಬಾದಿನಿಂದ ಲ್ಯಾಪ್‌ಟಾಪು ಹೊತ್ತುಕೊಂಡು ಬಂದವನು ಮತ್ತೆ ಹೋಗಿರಲಿಲ್ಲ. ಮೇಲಿನ ಕೋಣೆಯ ಕಿಟಕಿಗೆ ನೀಲಿ ಪರದೆ ಹಾಕಿಕೊಂಡು ದಿನವಿಡೀ ಒಳಗಿರುತ್ತಿದ್ದ. ಮಿಸೈಲಲ್ಲ, ಬಿಡಿಭಾಗ ಅಂತ ಅವನು ಮೊದಮೊದಲು ಹೇಳಿ ನೋಡಿದ್ದ. ಮಿಸೈಲಿನ ಬಿಡಿಭಾಗ ಅಂತ ಅವರು ತಿದ್ದಿಕೊಂಡರು.

ಅವನ ಕೆಲಸ ಮಾದರಿ ಕಟ್ಟುವುದು. ಸೇನೆಯ ಗಾಡಿಗಳು ಎಷ್ಟು ದಿನಕ್ಕೊಮ್ಮೆ ಕೆಡುತ್ತವೆ, ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೆ, ಯಾವ ಬಿಡಿಭಾಗವನ್ನು ಯಾವ ಉಗ್ರಾಣದವರು ಎಷ್ಟು ಸಲ ಕೇಳಿದ್ದಾರೆ, ಇವನ್ನೆಲ್ಲ ಒಳಗೆ ಹಾಕಿದರೆ ಯಾವುದನ್ನು ಎಲ್ಲಿ ಎಷ್ಟು ಇಟ್ಟರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಗಾಡಿ ಓಡಲು ತಯಾರಿರುತ್ತವೆಂದು ಮಾದರಿ ಹೇಳುತ್ತಿತ್ತು. ಓಡಲು ತಯಾರಿರುವುದಕ್ಕೆ ಲಭ್ಯತೆ ಎಂದು ಹೆಸರು. ಯಾರೂ ಕೇಳದ ಬಿಡಿಭಾಗಕ್ಕೆ ಸೊನ್ನೆ. ಆ ಗಾಡಿಗಳಲ್ಲಿ ಒಂದನ್ನೂ ಅವನು ಕಣ್ಣಾರೆ ನೋಡಿರಲಿಲ್ಲ. ನೋಡುವ ಅಗತ್ಯ ಬೀಳದಿರುವುದೇ ಒಳ್ಳೆಯ ಮಾದರಿಯ ಲಕ್ಷಣವೆಂದು ಒಮ್ಮೆ ಹೊಸಬರಿಗೆ ಪಾಠವನ್ನೂ ಹೇಳಿದ್ದ.

ಬಜಾರಿನಲ್ಲಿ ಬಾಲಪ್ಪನ ಝೆರಾಕ್ಸ್ ಅಂಗಡಿಯಲ್ಲಿ ಉಗ್ರಾಣದ ಮೌನಪ್ಪ ಸಹಿ ಮಾಡಬೇಕಾದ ಪತ್ರವನ್ನು ಪ್ರಿಂಟು ತೆಗೆಸಿದ. ಸುರಪುರದ ಯಾವ ಕಾಗದವೂ ಬಾಲಪ್ಪ ಓದದೆ ಹೊರಗೆ ಬೀಳುವುದಿಲ್ಲ.

"ಯುದ್ಧ ಯಾವಾಗ್ರಿ ಸರ್?" ಬಾಲಪ್ಪ ಎಂದಿನಂತೆ ಕೇಳಿ, ಹಾಳೆಯನ್ನು ಬೆಳಕಿಗೆ ಹಿಡಿದ. "ಈ ಮೌನಪ್ಪ ಯಾರ್ರಿ? ಏನೂ ಕಳಿಸಿಲ್ಲಂತ ಬರಕೊಡತಾನ. ಕಳಿಸದಿದ್ದಂವ ಸುಮ್ನ ಮನ್ಯಾಗ ಕುಂದರತಾನಪ್ಪ, ಬರಕೊಡೂದು ಯಾಕ ಬೇಕು?"

ಸಂಜೀವಕುಮಾರ ಹಾಳೆ ಕಸಿದುಕೊಂಡು ನಾಲ್ಕಾಗಿ ಮಡಿಚಿದ. ಆಫೀಸಿನ ಪದ್ಧತಿ ಹಾಗೆ ಎಂದ. ಬಾಲಪ್ಪ ಪದ್ಧತಿಗೆ ತಲೆಯಾಡಿಸಿದ.

ಮೌನಪ್ಪನನ್ನು ಸಂಜೀವಕುಮಾರ ನೋಡಿರಲಿಲ್ಲ, ಕೇಳಿದ್ದ ಅಷ್ಟೆ. ಎರಡು ವರ್ಷಗಳ ಹಿಂದೆ ಆ ಗುಡ್ಡಗಾಡಿನ ವರ್ಕ್‌ಶಾಪಿಗೆ ಮಾಹಿತಿಗಾಗಿ ಫೋನು ಮಾಡಿದಾಗ, ಹರಕು ಹಿಂದಿಯಲ್ಲಿ ಮಾತಾಡುತ್ತಿದ್ದ ಉಗ್ರಾಣದವನು ನಡುವೆ ಬೇಸತ್ತು 'ಏನ್ ಕಿರಿಕಿರಿನೋ ಇದು' ಎಂದು ತನ್ನಷ್ಟಕ್ಕೆ ಗೊಣಗಿದ್ದ. ಅಷ್ಟು ಸಾಕಾಗಿತ್ತು. ಯಾವೂರ್ರಿ ನಿಮ್ಮದು? ಶಹಾಪುರ ತಾಲೂಕು, ಗೋಗಿ. ನಮ್ಮದು ಸುರಪುರ. ಆ ಕಡೆಯಿಂದ ಒಂದು ನಗೆ ಬಂತು. ಎರಡು ಸಾವಿರ ಕಿಲೋಮೀಟರ್ ದೂರದ ಚಳಿಯಲ್ಲಿ ಯಾರೋ ಕಂಬಳಿಯೊಳಗೆ ಕೈಯಿಟ್ಟಂಥ ನಗೆ. ಅವತ್ತಿನಿಂದ ಅವನು ಕಾಕಾ, ಇವನು ತಮ್ಮ.

ಒಂದು ಶುಕ್ರವಾರ ಕಾಕಾ ತನ್ನ ನೋಟುಬುಕ್ಕಿನ ಫೋಟೊ ಕಳಿಸಿದ. ನಲವತ್ತೊಂದು ಹಾಳೆ. ಮೇಲಿನವರ ಪತ್ರವಿಲ್ಲ, ಮೊಹರಿಲ್ಲ, ಬರೀ ವಾಟ್ಸಾಪು. ಬೇರೆಯವರಿಗೆ ಕಳಿಸುವಾಗ ಮೌನಪ್ಪ ಮೂರು ಪ್ರತಿ ತೆಗೆದು ಸ್ವೀಕೃತಿ ಬರೆಸಿಕೊಳ್ಳುವ ಮನುಷ್ಯ. ನಮ್ಮವನೆಂದು ಇವನಿಗೆ ಬರಿಗೈಯಲ್ಲಿ ಕಳಿಸಿದ.

ಪ್ರತಿ ಹಾಳೆಯಲ್ಲೂ ಗೆರೆ ಹೊಡೆದ ಎರಡು ಅಂಕಣ. ಮೇಲೆ ಕನ್ನಡದಲ್ಲಿ 'ಯಾವುದರಿಂದ', 'ಯಾವುದಕ್ಕೆ'. ಏಳನೇ ಗಾಡಿಯಿಂದ ಎರಡಕ್ಕೆ. ಎರಡರಿಂದ ಹನ್ನೊಂದಕ್ಕೆ. ಹನ್ನೊಂದರಿಂದ ಮತ್ತೆ ಏಳಕ್ಕೆ. ಹನ್ನೊಂದು ಅಂಬುಲೆನ್ಸಿಗೆ ಸರಿಯಾದ ಬ್ರೇಕ್ ರಬ್ಬರು ಇದ್ದದ್ದು ಆರು ಜೊತೆ. ರಬ್ಬರು ಬೇಕೆಂದು ಕಾಗದ ಹಾಕಿದರೆ ಆ ಗಾಡಿ ನಿಂತಿದೆಯೆಂದು ಒಪ್ಪಿದಂತೆ. ತಪಾಸಣೆ ಬರುವಾಗ ನಿಂತ ಗಾಡಿ ಕಾಣಬಾರದೆಂದು ಮೇಲಿನವರ ಹುಕುಂ. ಹಾಗಾಗಿ ಒಂದರದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಿದ್ದರು, ತಪಾಸಣೆಯವರು ಆಚೆ ಹೋದ ಮೇಲೆ ಮತ್ತೆ ಬಿಚ್ಚುತ್ತಿದ್ದರು. ಕಾಗದದಲ್ಲಿ ಯಾರೂ ಕೇಳದ ರಬ್ಬರು ಹೀಗೆ ಗಾಡಿಯಿಂದ ಗಾಡಿಗೆ ತಿರುಗಿ ತಿರುಗಿ ಸವೆದಿತ್ತು.

ಸಂಜೀವಕುಮಾರ ಆ ರಾತ್ರಿ ಹಾಳೆಗಳನ್ನು ಮಾದರಿಯೊಳಗೆ ಹಾಕಿ ನೋಡಿದ. ಲಭ್ಯತೆ ನೂರಕ್ಕೆ ತೊಂಬತ್ತೆರಡರಿಂದ ಅರವತ್ನಾಲ್ಕಕ್ಕೆ ಇಳಿಯಿತು. ಸೋಮವಾರ ದಿಲ್ಲಿಯಲ್ಲಿ ಸುನೀಲಕುಮಾರ ತೊಂಬತ್ತೆರಡನ್ನು ತೋರಿಸುವವನಿದ್ದ. ಬೇಡಿಕೆ ಕಾಗದದ, ಅಂದರೆ ವೋಚರಿನ, ಸಂಖ್ಯೆಯ ಮನೆ ಖಾಲಿಯಿದ್ದರೆ ಮಾದರಿ ಆ ಸಾಲನ್ನು ತಾನೇ ತಳ್ಳಿಹಾಕುತ್ತಿತ್ತು. ಆ ನಿಯಮ ಬರೆದವನೂ ಅವನೇ. ವೋಚರಿಲ್ಲದ ಈ ಹಾಳೆಗಳಿಗಾಗಿ ಅವತ್ತೊಂದು ದಿನ ನಿಯಮವನ್ನು ಸಡಿಲಿಸಿದ್ದ. ಮತ್ತೆ ಬಿಗಿ ಮಾಡಿದ. ತೊಂಬತ್ತೆರಡು ಬಂತು, ರಬ್ಬರಿನ ಮುಂದೆ ಸೊನ್ನೆ.

ಆ ಹಾಳೆಗಳನ್ನು ಬಿಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇದು ಅವನನ್ನು ಬಸ್ಸಿನಲ್ಲಿ, ಬಚ್ಚಲಲ್ಲಿ, ಎಲ್ಲೆಂದರಲ್ಲಿ ಹಿಡಿದು ನಿಲ್ಲಿಸುತ್ತಿತ್ತು. ಹೇಳಿದವರೊಬ್ಬರಿದ್ದಿದ್ದರೆ ದ್ವೇಷಿಸಲಿಕ್ಕಾದರೂ ಮುಖವಿರುತ್ತಿತ್ತು.

ಮೌನಪ್ಪನಿಗೆ ಮಾತ್ರ ಆ ಶುಕ್ರವಾರವೇ ಉತ್ತರ ಕಳಿಸಿದ್ದ: 'ಬಂತ್ರಿ ಕಾಕಾ. ಸೇರಸ್ತೀನಿ.'

ಈಗ ಊರಿಗೆ ಬಂದಿದ್ದ ಮೌನಪ್ಪನ ಭೇಟಿಗೆ ಹತ್ತಿಗೂಡೂರ ಕ್ರಾಸನ್ನು ಆರಿಸಿದವನು ಸಂಜೀವಕುಮಾರ. ಗೋಗಿಯಿಂದ ಶಹಾಪುರಕ್ಕೆ ಬಂದು ಮುಂದೆ ಬರುವವನಿಗೂ ಸುರಪುರದಿಂದ ಹೋಗುವವನಿಗೂ ನಡುವಿನ ಜಾಗ. ಯಾರೂ ಯಾರ ಮನೆಯ ನೀರು ಕುಡಿಯಬೇಕಿಲ್ಲ. ಮನೆಗೇ ಬರತೀನಿ ತಮ್ಮಾ ಅಂದಿದ್ದ ಮೌನಪ್ಪ. ಮನೆಯಲ್ಲಿ ಸುಣ್ಣ ಬಳಿಯುತ್ತಿದ್ದಾರೆ ಎಂದು ಇವನು ಸುಳ್ಳು ಹೇಳಿದ್ದ.

ಕ್ರಾಸಿನಲ್ಲಿ ಇಳಿದಾಗ ಎರಡೂವರೆ. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಕಾಲುವೆಯ ಆಚೆ ಭತ್ತದ ಗದ್ದೆಗಳು ಇಷ್ಟು ಬಿಸಿಲಿನಲ್ಲೂ ನಾಚಿಕೆಯಿಲ್ಲದೆ ಹಸಿರಾಗಿದ್ದವು. ಸರದಾರಸಾಬನ ಧಾಬಾದ ಪಕ್ಕ ಒಂದು ಬಸ್ಸು ನಿಂತಿತ್ತು. ಹತ್ತಿರ ಹೋದರೆ ಅದಕ್ಕೆ ಗಾಲಿಗಳಿರಲಿಲ್ಲ. ಹರಾಜಿನಲ್ಲಿ ಕೊಂಡ ಬಸ್ಸಿನ ಮೈಯನ್ನು ಸರದಾರಸಾಬ ನಾಲ್ಕು ಬಂಡೆಗಳ ಮೇಲೆ ಕೂರಿಸಿ, ಹಸಿರು ಬಣ್ಣ ಹೊಡೆಸಿ, ಬಾಗಿಲ ಮೇಲೆ 'ಫ್ಯಾಮಿಲಿ' ಎಂದು ಬರೆಸಿದ್ದ. ಸೀಟುಗಳನ್ನು ಎದುರುಬದುರು ತಿರುಗಿಸುವ ಗೋಜಿಗೆ ಹೋಗಿರಲಿಲ್ಲ. ಪ್ರತಿ ಸೀಟಿನ ಬೆನ್ನಿಗೂ ಒಂದು ಹಲಗೆ ಬಡಿದಿದ್ದ. ಉಣ್ಣುವವರೆಲ್ಲ ಮುಂದೆ ನೋಡುತ್ತ, ಎದುರಿನವರ ಹೆಡಕಿಗೆ ಮುಖ ಮಾಡಿ ಉಣ್ಣಬೇಕು.

ಮೂರನೆಯ ಸೀಟಿನಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಪ್ರಯಾಣಿಕನ ಹಾಗೆಯೇ ಕುಳಿತಿದ್ದ ಬಿಳಿ ಶರಟಿನ ಸಣಕಲು ಮನುಷ್ಯ ಕಿಟಕಿಯತ್ತ ಸರಿದು ಜಾಗ ಬಿಟ್ಟ.

"ಬರ್ರಿ ತಮ್ಮಾ. ನಿಮ್ಮದೂ ಟಿಕೇಟು ತಗಸೀನಿ."

ದನಿ ಅದೇ. ಮುಖ ಮಾತ್ರ ದನಿಗಿಂತ ಹತ್ತು ವರ್ಷ ಮುದಿಯಾಗಿತ್ತು. ಸಂಜೀವಕುಮಾರ ಪಕ್ಕದಲ್ಲಿ ಕುಳಿತ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲದ್ದು ಅವನಿಗೆ ಹಿತವೆನಿಸಿತು.

ಮೌನಪ್ಪ ಚೀಲದಿಂದ ಒಂದು ಪೊಟ್ಟಣ ತೆಗೆದು ಹಲಗೆಯ ಮೇಲಿಟ್ಟ. ಅಖ್ರೋಟು. ಅಲ್ಲಿಂದ ಬರುವಾಗ ತಂದದ್ದು, ಮನೆಯಾಕೆಗೆ ಕೊಡಬೇಕೆಂದ. ಸುರಪುರದವರ ಹಲ್ಲು ಗಟ್ಟಿ, ಕಲ್ಲು ಬೇಕಾಗುವುದಿಲ್ಲ ಎಂದು ನಕ್ಕ. ಚಹಾ ಬಂತು. ಗೋಗಿಯಲ್ಲಿ ತಾನು ಹೊರಗೆ ಕಾಣಿಸಿಕೊಂಡರೆ ರಜೆ ಇನ್ನೂ ಮುಗಿಯಲಿಲ್ಲವೇ ಅಂತ ಜನ ಕೇಳುತ್ತಾರೆಂದೂ, ಸಸ್ಪೆಂಡ್ ಆದದ್ದನ್ನು ಮಗಳು ಉಮಾಶ್ರೀಗೆ ಮಾತ್ರ ಹೇಳಿದ್ದೇನೆಂದೂ, ನಿವೃತ್ತಿಗೆ ಎಂಟು ತಿಂಗಳಿತ್ತೆಂದೂ ಅವನು ಹವಾಮಾನದ ಸುದ್ದಿಯಂತೆ ಹೇಳಿದ. ವಿಚಾರಣೆ ಬರುವ ಸೋಮವಾರ. ಕೊರತೆ ಮುಚ್ಚಿಟ್ಟವನು, ಹೇಳದೆ ಕೇಳದೆ ಬಿಡಿಭಾಗ ಬಿಚ್ಚಿಸಿದವನು ಎಂದು ಮೂರು ಸಾವನ್ನೂ ಅವನ ತಲೆಗೆ ಕಟ್ಟಿದ್ದರು. ಜೈಲಿನ ಮಾತೂ ಇತ್ತು. ನೋಟುಬುಕ್ಕನ್ನು ಮೊದಲ ದಿನವೇ ಒಯ್ದರು. ಈಗ ಅಂಥದ್ದೊಂದು ಇರಲೇ ಇಲ್ಲ ಅನ್ನುತ್ತಾರೆ. ಫೋನನ್ನೂ ಒಯ್ದು, ಅಳಿಸಿ, ಹೊಸದರಂತೆ ಮಾಡಿ ಕೊಟ್ಟಿದ್ದಾರೆ.

"ನೀವು ಆಮ್ಯಾಲಾದ್ರೂ ವೋಚರ್ ಹಾಕಬೇಕಿತ್ತು," ಅಂದ ಸಂಜೀವಕುಮಾರ. ಇದನ್ನು ಬಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದ.

"ಹಾಕಾಕ ಹೋಗಿದ್ದೆ. ನಿಮ್ಮ ಸೊನ್ನಿ ಬಂದ ಮ್ಯಾಲೆ ಕಂಪ್ಯೂಟರ್ ತಗೊಳ್ಳಲಿಲ್ಲ." ಮೌನಪ್ಪ ತಟ್ಟೆಗೆ ಸುರಿದ ಚಹಾವನ್ನು ಊದಿದ. "ಇಡೂ ಹುಕುಮಿಲ್ಲದ ಮಾಲು ಕೇಳೂ ಹಂಗಿಲ್ಲಂತ. ಕೇಳಿಲ್ಲಂತ ಇಡಲಿಲ್ಲ ನೀವು. ಇಟ್ಟಿಲ್ಲಂತ ಕೇಳಾಕ ಬಿಡಲಿಲ್ಲ ಅದು. ನಾ ಎಲ್ಲಿ ನಿಂದರಬೇಕಿತ್ತು ಹೇಳ್ರಿ."

ಸಂಜೀವಕುಮಾರ ಎದುರಿನ ಸೀಟಿನ ಬೆನ್ನನ್ನು ನೋಡಿದ. ಯಾರೋ ಮೊಳೆಯಿಂದ ಹೃದಯ ಕೆತ್ತಿ ಒಳಗೆ ಹೆಸರು ಬರೆಯಲು ಮರೆತಿದ್ದರು.

"ನಂಗ ದೊಡ್ಡದೇನೂ ಬ್ಯಾಡ ತಮ್ಮಾ. ಫೋಟೊ ಬಂದಿದ್ದವು, ನೋಡೀನಿ. ಅಷ್ಟ. ಅಷ್ಟ ಒಂದ ಮಾತ ಬರಕೊಡ್ರಿ."

ಅಷ್ಟೇ. ಆ ಮಾತು ಎಷ್ಟು ತೂಗುತ್ತದೆಂದು ಸಂಜೀವಕುಮಾರ ಲೆಕ್ಕ ಹಾಕಿದ. ಕಂಪನಿ ಅವನನ್ನು ಸಂಜೆಯೊಳಗೆ ಹೊರಗೆ ಹಾಕುತ್ತದೆ. ಸೇನೆಯ ಕೆಲಸ ಮಾಡುವ ಬೇರೆ ಯಾವ ಕಂಪನಿಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ವಿಚಾರಣೆಯ ಕಟಕಟೆಯಲ್ಲಿ ಮೌನಪ್ಪನ ಪಕ್ಕ ಇನ್ನೊಂದು ಕುರ್ಚಿ ಬೀಳುತ್ತದೆ. ಓಣಿಯವರಿಗೆ ಮಿಸೈಲು ಸಿಡಿಯಿತೆಂಬ ಸುದ್ದಿ ಸಿಗುತ್ತದೆ. ಲೆಕ್ಕದ ಎಲ್ಲ ಮನೆಗಳೂ ತುಂಬಿದ್ದವು, ಅದು ಸರಿಯಾಗಿ ಓಡುತ್ತಿತ್ತು. ಮೌನಪ್ಪನ ಹೆಸರಿಗೆ ಮಾತ್ರ ಅದರಲ್ಲಿ ಯಾವ ಮನೆಯೂ ಇರಲಿಲ್ಲ.

ಅವನು ಜೇಬಿನಿಂದ ಮಡಿಚಿದ ಹಾಳೆ ತೆಗೆದ. ಬಿಡಿಸುವಾಗ ಕಾಗದ ಅವನ ನಿರೀಕ್ಷೆಗಿಂತ ಹೆಚ್ಚು ಸದ್ದು ಮಾಡಿತು.

"ಕಂಪನಿಯವ್ರು ಒಂದ ಹಾದಿ ಹೇಳ್ಯಾರ್ರಿ ಕಾಕಾ. ಇದಕ್ಕ ದಸ್ಕತ್ತು ಮಾಡಿದ್ರ ಅವರು ಮ್ಯಾಲ ಮಾತಾಡತಾರ. ಜೈಲು ಅದು ಇದು ಏನೂ ಇರಂಗಿಲ್ಲ. ಬೇಗ ರಿಟೈರ್ ಮಾಡಿ ಬಿಡತಾರ, ಅಷ್ಟ."

ಮೌನಪ್ಪ ಕನ್ನಡಕ ಹುಡುಕಿ ಹಾಕಿಕೊಂಡ. ಒಂದೊಂದೇ ಅಕ್ಷರವನ್ನು ಬೆರಳಿನಿಂದ ಮುಟ್ಟುತ್ತ ಓದಿದ. ರಬ್ಬರಿನ ಬಿಲ್ಲೆಗಳನ್ನೂ ಹೀಗೆಯೇ ಮುಟ್ಟಿ ಎಣಿಸುತ್ತಿದ್ದಿರಬೇಕು ಎಂದು ಸಂಜೀವಕುಮಾರನಿಗೆ ಅನ್ನಿಸಿತು. ಅನ್ನಿಸಿದ್ದು ಇಷ್ಟವಾಗಲಿಲ್ಲ.

"ಕನ್ನಡ ಛಲೋ ಅದ," ಅಂದ ಮೌನಪ್ಪ. "ನೀವ ಬರದ್ರೇನು?"

"ಕಂಪನಿಯವ್ರು."

"ಕಂಪನ್ಯಾಗ ಕನ್ನಡ ಬರೂದು ನಿಮ್ಗ ಅಲ್ಲೇನ್ರಿ?"

ಸುನೀಲಕುಮಾರನಿಗೂ ಬರುತ್ತದೆ ಎಂದು ಹೇಳಬಹುದಿತ್ತು. ಸಂಜೀವಕುಮಾರ ತಣ್ಣಗಾದ ಚಹಾ ಕುಡಿದ.

ಮೌನಪ್ಪ ಹಾಳೆಯನ್ನು ಮಡಿಕೆಯ ಗುರುತಿನಲ್ಲೇ ಮತ್ತೆ ಮಡಿಚಿ ಹಲಗೆಯ ಮೇಲಿಟ್ಟ. ಹೊರಗೆ ದೇವದುರ್ಗದ ಕಡೆಗೆ ಲಾರಿಯೊಂದು ತಿರುಗಿತು, ಗಾಲಿಯಿಲ್ಲದ ಬಸ್ಸು ಅದರ ಗಾಳಿಗೆ ತುಸು ಅಲುಗಿತು. ಆಮೇಲೆ ಅವನು ಆ ಅಂಬುಲೆನ್ಸಿನ ಡ್ರೈವರನ ವಿಷಯ ಹೇಳಿದ. ನಲವತ್ತರ ಆಸುಪಾಸಿನವನು, ಇನ್ನೆರಡು ತಿಂಗಳಿಗೆ ಊರಿಗೆ ಮರಳುವವನಿದ್ದ. ಅವತ್ತು ಮುಂಜಾನೆ ಉಗ್ರಾಣಕ್ಕೆ ಬಂದು ಪೆಡಲು ಮೆತ್ತಗಾಗಿದೆ, ಹೊಸ ರಬ್ಬರು ಬೇಕೆಂದ. ಹೊಸದಿರಲಿಲ್ಲ. ಎರಡನೇ ಗಾಡಿಯದನ್ನು ಬಿಚ್ಚಿಸಿ, ಒರೆಸಿ, ಇದ್ದುದರಲ್ಲಿ ಇದು ವಾಸಿ ಅಂತ ಮೌನಪ್ಪನೇ ಕೊಟ್ಟ. ಡ್ರೈವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ನನಗಿಂತ ಮುದುಕ ಅದ ಎಂದು ನಕ್ಕು ಹೋದ. ಹೆರಿಗೆ ನೋವಿನ ಹೆಂಗಸನ್ನು ಕೆಳಗಿನ ಆಸ್ಪತ್ರೆಗೆ ಒಯ್ಯಬೇಕಾಗಿತ್ತು.

"ನನ್ನ ಕೈಲೇ ಕೊಟ್ಟೀನಿ." ಮೌನಪ್ಪ ಬಲಗೈಯನ್ನು ಹಲಗೆಯ ಮೇಲೆ, ಅಂಗೈ ಮೇಲಾಗಿ ಇಟ್ಟ. ಯಾರೋ ಕೈಯನ್ನು ಅಲ್ಲಿ ಮರೆತು ಹೋದಂತೆ ಅದು ಬಿದ್ದಿತ್ತು. "ಸೋಮವಾರ ಇದನ್ನ ಹೇಳಾವನ ಅದೀನಿ. ಕೇಳಿದ್ರೂ ಹೇಳತೀನಿ, ಕೇಳದಿದ್ರೂ ಹೇಳತೀನಿ."

"ಹಂಗಂದ್ರ ಇದಕ್ಕ ದಸ್ಕತ್ತು ಮಾಡಾಕ ಏನ್ರಿ ಕಾಕಾ? ಹ್ಯಾಂಗೂ ಒಪ್ಪಾಕತ್ತೀರಿ."

ಬಾಯಿಂದ ಬಿದ್ದ ಮೇಲೆ ಆ ಮಾತು ಅವನಿಗೂ ಕೇಳಿಸಿತು. ವಾದ ಸರಿಯಾಗಿತ್ತು. ಅದರಲ್ಲಿ ತಪ್ಪು ಹುಡುಕಲು ಯಾವ ತಾರ್ಕಿಕನಿಗೂ ಸಾಧ್ಯವಿರಲಿಲ್ಲ.

ಮೌನಪ್ಪ ಮೊದಲ ಸಲ ತಿರುಗಿ ಅವನ ಮುಖವನ್ನು ನೋಡಿದ. ಗಲ್ಲದ ಮೇಲಿನ ಗಾಯವನ್ನೂ ನೋಡಿದ.

"ನನ್ನ ಪಾಲು ನಾ ಒಪ್ಪತೀನಿ ಸಾಹೇಬ್ರ. ನಿಮ್ಮ ಪಾಲಿಗಿ ನಾ ದಸ್ಕತ್ತು ಮಾಡಂಗಿಲ್ಲ."

ಸಾಹೇಬ್ರ ಅಂದಿದ್ದ. 'ತಮ್ಮ' ಎಲ್ಲಿಯೋ ಹಿಂದಿನ ಸ್ಟಾಪಿನಲ್ಲಿ ಇಳಿದುಹೋಗಿದ್ದ.

ಸಂಜೀವಕುಮಾರನ ಕೈ ತಾನಾಗಿ ಫೋನಿಗೆ ಹೋಯಿತು. ಏನು ಮಾಡುತ್ತಿದ್ದೇನೆಂದು ತಿಳಿಯದೆ ಅದನ್ನು ತೆರೆದ. ನಲವತ್ತೊಂದು ಹಾಳೆಗಳಿದ್ದ ಜಾಗಕ್ಕೆ ಹೋದ. ಮೌನಪ್ಪನ ಮುಂದೆ ಹಲಗೆಯ ಮೇಲಿಟ್ಟ. ಎಲ್ಲವೂ ಅಲ್ಲಿದ್ದವು, ನೀಲಿ ಶಾಯಿಯ ದುಂಡನೆಯ ಅಕ್ಷರ, ಚಳಿಗೆ ನಡುಗಿದ ಗೆರೆ.

"ನಿಮ್ಮವು ಅವು. ನೀವ ಏನರ ಮಾಡ್ರಿ. ಯಾರಿಗಿ ಬೇಕಾದ್ರೂ ಕಳಸ್ರಿ. ಇಲ್ಲಂದ್ರ ಅಳಿಸಿಬಿಡ್ರಿ. ನಾ ನೋಡಂಗಿಲ್ಲ."

ಅವನು ನಿಜಕ್ಕೂ ಮುಖ ಆಚೆ ತಿರುಗಿಸಿದ. ತಾನು ಕಿಟಕಿಯ ಹೊರಗೆ ನೋಡುತ್ತಿರುವಾಗ ಮುದುಕನ ಬೆರಳು ಏನಾದರೊಂದನ್ನು ಒತ್ತಿದರೆ ತಾನು ಸುಳ್ಳೂ ಹೇಳಿದಂತಾಗುವುದಿಲ್ಲ, ನಿಜವೂ ಹೇಳಿದಂತಾಗುವುದಿಲ್ಲ. ಕಳ್ಳತನವಾದ ಮನೆಯವನಂತೆ ಸಂಜೆ ಸುನೀಲಕುಮಾರನೊಂದಿಗೆ ಮಾತಾಡಬಹುದು.

ಹಲಗೆಯ ಮೇಲೆ ಫೋನು ಸರಿದ ಸದ್ದಾಯಿತು. ತಿರುಗಿ ನೋಡಿದರೆ ಅದು ಅವನ ಮುಂದೆಯೇ ಇತ್ತು.

"ಫೋಟೊ ಸಿಕ್ಕರ ನಾ ನಿನ್ನಿ ಬರದದ್ದಂತಾರ. ಬಂದಿದ್ದವು ಅನ್ನಾವ ಬೇಕು ನಂಗ. ಅದನ್ನ ನಾ ಒತ್ತಾಕ ಬರಂಗಿಲ್ಲ."

ಮೌನಪ್ಪ ಎದ್ದ. ದಾಟಿ ಹೋಗಲು ಸಂಜೀವಕುಮಾರ ಮೊಣಕಾಲು ಮಡಚಿಕೊಳ್ಳಬೇಕಾಯಿತು. ಚಹಾದ ರೊಕ್ಕ ಕೊಡಲು ಹೋದರೆ ಮೌನಪ್ಪ ಆಗಲೇ ಕೊಟ್ಟಿದ್ದ. ಮೆಟ್ಟಿಲ ಮೇಲೆ ನಿಂತು, ಅಖ್ರೋಟು ಬಿಸಿಲಿಗೆ ಇಡಬಾರದು, ಎಣ್ಣೆ ಬಿಡುತ್ತದೆ ಎಂದು ಅವನು ಹೇಳಿದ. ಅದನ್ನು ಹೇಳಲೇಬೇಕಿರಲಿಲ್ಲ.

ಶಹಾಪುರದ ಕಡೆಯ ಟಂಟಂ ಆಟೊ ಒಂದು ಬಂದು ನಿಂತಿತು. ಒಳಗೆ ಜಾಗವಿರಲಿಲ್ಲ. ಮೌನಪ್ಪ ಡ್ರೈವರನ ಪಕ್ಕ ಅರ್ಧ ಕುಂಡಿ ಊರಿ, ಚೀಲವನ್ನು ಎದೆಗೆ ಅವಚಿಕೊಂಡು ಹೋದ. ಬಿಸಿಲು ಟಂಟಮ್ಮನ್ನು ಸ್ವಲ್ಪ ದೂರದಲ್ಲೇ ಕರಗಿಸಿತು.

ಸಂಜೀವಕುಮಾರ ಅಲ್ಲಿಯೇ ಕುಳಿತಿದ್ದ. ಮೂರೂವರೆಗೆ ಇನ್ನೊಂದು ಚಹಾ ತರಿಸಿದ. ನಾಲ್ಕಕ್ಕೆ ಎರಡು ಸಾಲಿನ ಪತ್ರವನ್ನು ಫೋನಿನಲ್ಲಿ ಬರೆದ. 'ನಮಗೆ ಯಾವ ಮಾಹಿತಿಯೂ ಬಂದಿಲ್ಲ.' ಅಳಿಸಿದ. 'ಬಂದಿತ್ತು' ಎಂದು ಬರೆದ. ಎರಡು ಪದಗಳ ನಡುವೆ ಬೆರಳಿಗೆ ಬಹಳ ಕೆಲಸವಿರಲಿಲ್ಲ. ಅದನ್ನೂ ಅಳಿಸಿದ. ಹೀಗೆ ಏಳು ಸಲ. ಎಂಟನೆಯ ಸಲ ಬರೀ ಸುನೀಲಕುಮಾರನ ಹೆಸರು ಉಳಿಯಿತು.

ಮನೆಗೆ ಹೋಗಬಹುದಿತ್ತು. ಬಸ್ಸುಗಳು ಬಂದವು, ನಿಂತವು, ಕಂಡಕ್ಟರು ಸುರಪುರ ಸುರಪುರ ಎಂದು ಕೂಗಿದ. ಅದು ತನ್ನ ಊರಿನ ಹೆಸರೆಂದು ಅವನಿಗೆ ನೆನಪಿತ್ತು. ಏಳಲು ಮಾತ್ರ ಯಾವುದೋ ಒಂದು ಭಾಗ ಒಳಗಿನಿಂದ ಸಿಗುತ್ತಿರಲಿಲ್ಲ. ಕೊನೆಗೆ ಎದ್ದನಾದರೂ ಬಾಗಿಲತ್ತ ಹೋಗದೆ ಮುಂದಕ್ಕೆ ಹೋದ, ಡ್ರೈವರನ ಸೀಟಿನಲ್ಲಿ ಕುಳಿತ. ಸ್ಟೀರಿಂಗ್ ಇರಲಿಲ್ಲ. ಕಾಲಿಡುವ ಕಡೆ ತಗಡು ಕೊಯ್ದಿತ್ತು. ಕೆಳಗೆ ನೆಲ, ನೆಲದಲ್ಲಿ ಒಣಗಿದ ಪಾರ್ಥೇನಿಯಂ.

ಐದಕ್ಕೆ ಹತ್ತು ನಿಮಿಷವಿದ್ದಾಗ ಎರಡು ಕ್ರೂಸರ್ ಗಾಡಿಗಳು ಬಂದು ನಿಂತವು. ಲಗ್ನದ ಬಟ್ಟೆ ಕೊಂಡು ಯಾದಗಿರಿಯಿಂದ ಮರಳುವ ಮಂದಿ. ಹೆಂಗಸರು, ಗಂಡಸರು, ಮುದುಕಿಯರು ನುಗ್ಗಿ ಬಂದು ಸೀಟುಗಳನ್ನು ತುಂಬಿದರು. ಕಿಟಕಿಯ ಜಾಗಕ್ಕೆ ಜಗಳವಾಯಿತು. ಒಬ್ಬಳು ಟವೆಲು ಎಸೆದು ಸೀಟು ಹಿಡಿದಳು. ಗಾಲಿಯಿಲ್ಲದ ಬಸ್ಸಿನಲ್ಲೂ ಗಾಲಿಯ ಮೇಲಿನ ಸೀಟಿಗೆ ಯಾರೂ ಒಪ್ಪಲಿಲ್ಲ, ಅಲ್ಲಿ ಕುಲುಕುತ್ತದಂತೆ.

"ಡ್ರೈವರಣ್ಣ ಕುಂತೇ ಬಿಟ್ಟಾನ," ಅಂದಳು ಹಿಂದಿನಿಂದ ಒಬ್ಬಾಕೆ. "ಬಿಡಪ್ಪಾ ಗಾಡಿ, ಹೊತ್ತಾತು."

ನಗೆ ಬಸ್ಸಿನ ತುಂಬ ಹರಿಯಿತು. ಯಾರೋ ಬಾಯಲ್ಲಿ ಬೆರಳಿಟ್ಟು ಕಂಡಕ್ಟರನ ಸೀಟಿ ಹೊಡೆದರು.

ಸರದಾರಸಾಬ ಬಾಗಿಲಲ್ಲಿ ಇಣುಕಿದ. ಕೈಯಲ್ಲಿ ಉಳ್ಳಾಗಡ್ಡಿಯ ತಟ್ಟೆ. ಎರಡು ಚಹಾಕ್ಕೆ ಇಡೀ ಮಧ್ಯಾಹ್ನ ಕುಳಿತವನನ್ನು ಅವನು ಮರ್ಯಾದೆಯಿಂದಲೇ ನೋಡಿದ.

"ಇಳೀರಿ ಸರ್ ಕೆಳಗ. ಫ್ಯಾಮಿಲಿ ಬಂದದ. ಹೊರಗ ಕುರ್ಸಿ ಹಾಕಸ್ತೀನಿ, ಫ್ಯಾನೂ ಅದ."

ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಐದಾಗಿತ್ತು, ಪತ್ರ ಇನ್ನೂ ಹೋಗಿರಲಿಲ್ಲ. ಸಂಜೀವಕುಮಾರ ಅದನ್ನು ತೆಗೆಯಲೂ ಇಲ್ಲ, ಬಂದ್ ಮಾಡಲೂ ಇಲ್ಲ. ಕೈಗಳನ್ನು ಸ್ಟೀರಿಂಗ್ ಇರಬೇಕಾದಲ್ಲಿ, ಗಾಳಿಯಲ್ಲಿ, ಹಿಡಿದಿದ್ದ.

"ಸರ್, ಇಳೀರಿ. ಮಂದಿಗಿ ತೊಂದ್ರಿ ಆಗಾಕತ್ತದ."

"ನಾ ಇಳಿಯಂಗಿಲ್ಲ."

ಸುನೀಲಕುಮಾರನಿಗೆ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಹೇಳಲಾಗದ ದನಿಯಲ್ಲಿ ಅವನು ಅದನ್ನು ಹೇಳಿದ್ದ. ಸರದಾರಸಾಬ ಒಂದು ಹೆಜ್ಜೆ ಹಿಂದೆ ಸರಿದ. ನಗೆ ನಿಂತಿತು. ಫೋನು ನಿಂತು, ಮತ್ತೆ ಶುರುವಾಯಿತು. ಬಸ್ಸಿನೊಳಗೆ ಇಪ್ಪತ್ತೆರಡು ಮಂದಿ ಬೆನ್ನ ಹಿಂದೆ ಸಾಲುಸಾಲಾಗಿ, ಮುಂದೆ ನೋಡುತ್ತ, ಅವನ ಹೆಡಕಿನ ಮೇಲೆ ಕಣ್ಣಿಟ್ಟು ಕುಳಿತಿದ್ದರು. ಒಡೆದ ಗಾಜಿನಾಚೆ ರಸ್ತೆ ಮೂರು ಕಡೆಗೂ ಹೋಗುತ್ತಿತ್ತು.